ಪರದೇಶವಿವಾಹವೂ ಅವಿವಾಹಿತತ್ವದ ಪ್ರಮಾಣಪತ್ರವೂ

೧

ಒಂದು ದೇಶದ ಪ್ರಜೆಯು ಇನ್ನೊಂದು ದೇಶದಲ್ಲಿ ವಿವಾಹವಾಗಬೇಕಾದರೆ, ತಾನು ಅವಿವಾಹಿತನೆಂದಾಗಲಿ, ಹಿಂದೆ ನಡೆದ ವಿವಾಹವು ಮರಣದಿಂದಲೋ ವಿಚ್ಛೇದನದಿಂದಲೋ ಮುಗಿದಿರುವುದೆಂದಾಗಲಿ ಪತ್ರಮುಖೇನ ತೋರಿಸಬೇಕೆಂಬ ನಿಯಮವು ಈಗ ಅನೇಕ ರಾಜ್ಯಗಳಲ್ಲಿ ರೂಢವಾಗಿದೆ. ಈ ಪತ್ರಕ್ಕೆ ನಾನಾ ಹೆಸರುಗಳುಂಟು. ಇಂಗ್ಲಿಷರು ಇದನ್ನು ಅಡ್ಡಿಯಿಲ್ಲವೆಂಬ ಪತ್ರವೆಂದೂ, ಜರ್ಮನರು ವಿವಾಹಯೋಗ್ಯತೆಯ ಪತ್ರವೆಂದೂ, ಫ್ರೆಂಚರು ಅವಿವಾಹಿತತ್ವದ ಪತ್ರವೆಂದೂ ಕರೆಯುತ್ತಾರೆ. ರೋಮನ್ ಕ್ಯಾಥೊಲಿಕ್ ಧರ್ಮಶಾಸ್ತ್ರಜ್ಞರು ಸ್ವತಂತ್ರಸ್ಥಿತಿಯ ಸಾಕ್ಷ್ಯವೆನ್ನುತ್ತಾರೆ. ಹೆಸರು ಬೇರೆಯಾದರೂ ಕೇಳುವ ಪ್ರಶ್ನೆ ಒಂದೇ. ದೂರದಿಂದ ಬಂದ ಈ ಪುರುಷನಿಗೆ ಬಿಟ್ಟುಬಂದ ಊರಿನಲ್ಲಿ ಹೆಂಡತಿಯಿರುವಳೆ? ಈ ಸ್ತ್ರೀಗೆ ಅಲ್ಲಿ ಗಂಡನಿರುವನೆ?

ಇತರ ಪ್ರಮಾಣಪತ್ರಗಳಿಗೂ ಇದಕ್ಕೂ ಮೂಲದಲ್ಲಿಯೇ ಒಂದು ಭೇದವಿದೆ. ಜನನಪತ್ರವು ಹುಟ್ಟಿದ ಸಂಗತಿಯನ್ನು ಹೇಳುತ್ತದೆ. ಕ್ರಯಪತ್ರವು ಭೂಮಿ ಕೈಬದಲಾದುದನ್ನು ಹೇಳುತ್ತದೆ. ದಾನಶಾಸನವು ದತ್ತಿಯನ್ನು ಹೇಳುತ್ತದೆ. ಇವೆಲ್ಲ ಭಾವವಸ್ತುಗಳು, ನಡೆದುದಕ್ಕೆ ಕಂಡವರುಂಟು, ಬರೆದವರುಂಟು. ಅವಿವಾಹಿತತ್ವದ ಪತ್ರವಾದರೋ ಏನೂ ನಡೆಯಲಿಲ್ಲವೆಂಬುದನ್ನು ಹೇಳಬೇಕಾಗಿದೆ. ನಡೆಯದುದನ್ನು ಕಂಡ ಸಾಕ್ಷಿಯನ್ನು ಎಲ್ಲಿಂದ ತರುವುದು?

ಅಭಾವವನ್ನು ತಿಳಿಯುವ ಬಗೆ ಹೇಗೆಂಬುದನ್ನು ನಮ್ಮ ದಾರ್ಶನಿಕರು ಬಹಳ ಸೂಕ್ಷ್ಮವಾಗಿ ವಿಚಾರಮಾಡಿದ್ದಾರೆ. ಕುಮಾರಿಲಭಟ್ಟನ ಮತಾನುಯಾಯಿಗಳಾದ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂಬುದನ್ನು ಆರನೆಯ ಪ್ರಮಾಣವಾಗಿ ಅಂಗೀಕರಿಸಿರುವರು. ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆಂದು ತಿಳಿಯುತ್ತೇವೆ. ಆದರೆ ಕತ್ತಲೆಯಲ್ಲಿ ಗಡಿಗೆ ಕಾಣದಿದ್ದ ಮಾತ್ರಕ್ಕೆ ಅದು ಇಲ್ಲವೆನ್ನಲಾಗದು. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎನ್ನುವಂತಹ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಕಾಣದಿರುವಿಕೆಯು ಪ್ರಮಾಣವಾಗುತ್ತದೆ. ಇದನ್ನೇ ಅವರು ಯೋಗ್ಯಾನುಪಲಬ್ಧಿಯೆಂದು ಕರೆದರು.

ಪ್ರಕೃತ ವಿಷಯಕ್ಕೆ ಈ ವಿವೇಚನೆಯು ಬಹಳ ಉಪಯುಕ್ತವಾದುದು. ಅವಿವಾಹಿತತ್ವದ ಪತ್ರವು ಎಷ್ಟು ಮುದ್ರೆಗಳನ್ನು ಹೊತ್ತಿದ್ದರೂ, ವಿವಾಹವನ್ನು ಎಲ್ಲಿ ಹುಡುಕಿದರೋ ಆ ಸ್ಥಳವು ಅದನ್ನು ಕಾಣಿಸಲು ಯೋಗ್ಯವಾಗಿತ್ತೇ ಇಲ್ಲವೇ ಎಂಬುದರಿಂದಲೇ ಅದರ ಬೆಲೆ ನಿರ್ಣಯವಾಗುತ್ತದೆ. ಈ ಪತ್ರದ ಎಂಟುನೂರು ವರ್ಷಗಳ ಚರಿತ್ರೆಯೆಂದರೆ ಹುಡುಕುವ ಸ್ಥಳವು ಬದಲಾದ ಚರಿತ್ರೆ. ಮೊದಲು ನೆರೆಯವರ ನೆನಪಿನಲ್ಲಿ ಹುಡುಕಿದರು. ಆಮೇಲೆ ರಿಜಿಸ್ಟರಿನಲ್ಲಿ ಹುಡುಕಿದರು. ಇವೆರಡೂ ಇಲ್ಲದೆಡೆ ಆ ಮನುಷ್ಯನ ಸ್ವಂತ ಪ್ರತಿಜ್ಞೆಯಲ್ಲಿ ಹುಡುಕಿದರು. ಈ ಮೂರನ್ನೂ ಕ್ರಮವಾಗಿ ಪರಿಶೀಲಿಸಿ, ಕಡೆಯಲ್ಲಿ ನಮ್ಮ ದೇಶದ ಸ್ಥಿತಿಯನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

೨

ಮನುಷ್ಯರು ಹುಟ್ಟಿದೂರಿನಲ್ಲಿಯೇ ಬೆಳೆದು ಸಮೀಪದ ಊರಿನಲ್ಲಿ ಸಂಬಂಧ ಮಾಡುತ್ತಿದ್ದ ಕಾಲದಲ್ಲಿ ಇಂತಹ ಪತ್ರದ ಅವಶ್ಯಕತೆಯೇ ಇರಲಿಲ್ಲ. ನಮ್ಮಲ್ಲಿ ಹೆಣ್ಣು ಕೊಡುವವರು ನಾಲ್ಕು ಕಡೆ ವಿಚಾರಿಸುತ್ತಿದ್ದರು. ಬೀಗರ ಬೀಗರು, ಪುರೋಹಿತರು, ಸಂತೆಯಲ್ಲಿ ಸಿಕ್ಕುವ ಪರಿಚಿತರು ಇವರೇ ಪತ್ರಾಗಾರವಾಗಿದ್ದರು.

ಐರೋಪ್ಯ ಕ್ರೈಸ್ತರಲ್ಲಿ ಈ ವಿಚಾರಣೆಗೆ ವಿಧ್ಯುಕ್ತವಾದ ರೂಪವು ಬಂದದ್ದು ೧೨೧೫ನೆಯ ಇಸವಿಯಲ್ಲಿ. ಆಗಿನ ಧರ್ಮಶಾಸ್ತ್ರದ ಪ್ರಕಾರ ವಧೂವರರ ಪರಸ್ಪರ ಸಮ್ಮತಿಯೇ ವಿವಾಹ. ಪಾದ್ರಿಯಾಗಲಿ ಸಾಕ್ಷಿಗಳಾಗಲಿ ಇಲ್ಲದೆಯೂ ಅದು ಸಿಂಧುವಾಗುತ್ತಿತ್ತು. ಇದರಿಂದ ಗುಟ್ಟಾದ ಮದುವೆಗಳು ಹೆಚ್ಚಿ, ಒಬ್ಬನು ಇಬ್ಬರಿಗೆ ಮಾತುಕೊಟ್ಟು ಯಾರನ್ನು ಬೇಕಾದರೂ ನಿರಾಕರಿಸಬಹುದಾಗಿತ್ತು. ರೋಮಿನಲ್ಲಿ ಸೇರಿದ ನಾಲ್ಕನೆಯ ಲ್ಯಾಟರನ್ ಧರ್ಮಸಭೆಯು ಗುಪ್ತವಿವಾಹಗಳನ್ನು ನಿಷೇಧಿಸಿ, ನಡೆಯಲಿರುವ ವಿವಾಹವನ್ನು ಪಾದ್ರಿಗಳು ಚರ್ಚಿನಲ್ಲಿ ಬಹಿರಂಗವಾಗಿ ಪ್ರಕಟಿಸಬೇಕೆಂದೂ, ಅಡ್ಡಿಯನ್ನು ಬಲ್ಲವರು ನಿಯಮಿತಕಾಲದೊಳಗೆ ಹೇಳಬೇಕೆಂದೂ ವಿಧಿಸಿತು.

ಈ ವಿಧಾನದ ಸ್ವಾರಸ್ಯವನ್ನು ವಾಚಕರು ಗಮನಿಸಬೇಕು. ಇಲ್ಲಿ ವರನು ತಾನು ಅವಿವಾಹಿತನೆಂದು ಏನನ್ನೂ ತೋರಿಸಬೇಕಾಗಿಲ್ಲ. ಊರಿಗೆ ಊರೇ ಕೂಡಿರುವಲ್ಲಿ ಪ್ರಶ್ನೆಯನ್ನು ಹಾಕಿ, ಯಾರೂ ಮಾತನಾಡದಿದ್ದರೆ ಆ ಮೌನವನ್ನೇ ಸಾಕ್ಷ್ಯವಾಗಿ ಗ್ರಹಿಸುತ್ತಿದ್ದರು. ಹುಟ್ಟಿದಾರಭ್ಯ ಅವನನ್ನು ಕಂಡವರ ಮೌನವಾದುದರಿಂದ ಅದು ಯೋಗ್ಯಾನುಪಲಬ್ಧಿಯೇ ಸರಿ. ಆದರೆ ಈ ಮೌನಕ್ಕೆ ಒಂದು ಎಲ್ಲೆಯುಂಟು. ಊರಿನವರು ತಮ್ಮ ಊರಿನ ಮಟ್ಟಿಗೆ ಮಾತ್ರ ಬಲ್ಲರು. ಅಪರಿಚಿತನೊಬ್ಬನು ಬಂದು ಅಲ್ಲಿಯ ಹೆಣ್ಣನ್ನು ಮದುವೆಯಾಗಲಿಚ್ಛಿಸಿದರೆ, ಅವನ ವಿಷಯದಲ್ಲಿ ಆ ಊರಿನ ಮೌನವು ಕತ್ತಲೆಯಲ್ಲಿ ಗಡಿಗೆ ಕಾಣದುದಕ್ಕೆ ಸಮಾನ.

೩

ಈ ಕೊರತೆಯು ಪ್ರಬಲವಾಗಿ ಕಂಡುಬಂದದ್ದು ಐರೋಪ್ಯರು ಸಮುದ್ರವನ್ನು ದಾಟತೊಡಗಿದ ಮೇಲೆ. ಸ್ಪೇನಿನ ಅರಸರು ೧೫೦೩ರಲ್ಲಿ ಸೆವಿಲ್ಲ ನಗರದಲ್ಲಿ ವ್ಯಾಪಾರಮಂದಿರವೊಂದನ್ನು ಸ್ಥಾಪಿಸಿ, ಅಮೆರಿಕಕ್ಕೆ ಹೋಗುವವರ ಪರವಾನಗಿಗಳನ್ನು ಅಲ್ಲಿ ಪರೀಕ್ಷಿಸುವ ಏರ್ಪಾಡು ಮಾಡಿದರು. ಪ್ರಯಾಣಿಕನು ತನ್ನ ಊರಿನ ಅಧಿಕಾರಿಯ ಮುಂದೆ ಸಾಕ್ಷಿಗಳನ್ನು ಹಾಜರುಪಡಿಸಿ, ತನ್ನ ವಂಶವೇನು, ತಾನು ವಿವಾಹಿತನೋ ಅವಿವಾಹಿತನೋ ಎಂಬುದನ್ನು ಬರೆಯಿಸಿ ತರಬೇಕಾಗಿತ್ತು. ವಿವಾಹಿತನು ಹೆಂಡತಿಯನ್ನು ಬಿಟ್ಟು ಹೋಗಬೇಕಾದರೆ ಆಕೆಯ ಸಮ್ಮತಿಯೂ, ನಿಯತಕಾಲದೊಳಗೆ ಹಿಂದಿರುಗುವನೆಂಬುದಕ್ಕೆ ಜಾಮೀನೂ ಬೇಕಾಗಿದ್ದುವು. ಈ ಸಾಕ್ಷ್ಯಪತ್ರಗಳು ಅಪಾರಸಂಖ್ಯೆಯಲ್ಲಿ ಸೆವಿಲ್ಲದ ಪತ್ರಾಗಾರದಲ್ಲಿ ಈಗಲೂ ಉಳಿದುಬಂದಿವೆ. ನೆರೆಯವರ ನೆನಪನ್ನು ಕಾಗದದ ಮೇಲಿಳಿಸಿ ಸಮುದ್ರದಾಚೆಗೆ ಸಾಗಿಸುವ ಪ್ರಯತ್ನವನ್ನು ಇವುಗಳಲ್ಲಿ ಕಾಣಬಹುದು. ೧೬೮೦ರಲ್ಲಿ ಪ್ರಕಟವಾದ ಇಂಡೀಸ್ ಶಾಸನಸಂಗ್ರಹದಲ್ಲಿ, ಹೆಂಡಿರನ್ನು ಬಿಟ್ಟು ಆಚೆಯ ದಡದಲ್ಲಿ ವಾಸಮಾಡುತ್ತಿದ್ದವರನ್ನು ಕುರಿತು ಒಂದು ಪ್ರಕರಣವೇ ಇರುವುದನ್ನು ನೋಡಿದರೆ, ಈ ಪಿಡುಗು ಎಷ್ಟು ಹಬ್ಬಿತ್ತೆಂಬುದು ವ್ಯಕ್ತವಾಗುತ್ತದೆ.

ಊರಿನಿಂದ ಬಂದ ಕಾಗದವನ್ನು ನಂಬಿ ಕೆಟ್ಟವರ ಪೈಕಿ ಫ್ರಾನ್ಸಿಸ್ಕೊ ನೊಗ್ವೆರೋಲ್ ಎಂಬ ಯೋಧನ ವೃತ್ತಾಂತವು ಪ್ರಸಿದ್ಧವಾದುದು. ಇವನು ಸ್ಪೇನಿನಲ್ಲಿ ಬೆಯಾತ್ರಿಸ್ ಎಂಬುವಳನ್ನು ಹಿರಿಯರ ಬಲವಂತದಿಂದ ವರಿಸಿ, ಪೆರು ದೇಶಕ್ಕೆ ಹೋಗಿ ಐಶ್ವರ್ಯವಂತನಾದನು. ಸಂನ್ಯಾಸಿನಿಯರಾಗಿದ್ದ ಅವನ ಸೋದರಿಯರು ಬೆಯಾತ್ರಿಸ್ ತೀರಿಹೋದಳೆಂದು ಕಾಗದ ಬರೆದರು. ಅದನ್ನು ನಂಬಿ ಅವನು ಪೆರುವಿನಲ್ಲಿ ಕಾತಲೀನಾ ಎಂಬ ವಿಧವೆಯನ್ನು ಮದುವೆಯಾದನು. ಆದರೆ ಬೆಯಾತ್ರಿಸ್ ಬದುಕಿದ್ದಳು; ಆಕೆ ಇಂಡೀಸ್ ಮಂಡಲಿಯ ಮುಂದೆ ಫಿರ್ಯಾದುಮಾಡಿದಳು. ೧೬ನೆಯ ಶತಮಾನದ ಮಧ್ಯಭಾಗದಲ್ಲಿ ನಡೆದ ಈ ವ್ಯಾಜ್ಯವು ಹಲವು ವರ್ಷ ಎಳೆದು, ಕಡೆಗೆ ಮೊದಲ ವಿವಾಹವು ರದ್ದಾಗಿ ಎರಡನೆಯದು ಸ್ಥಿರವಾಯಿತು. ನೊಗ್ವೆರೋಲನು ಸದ್ಭಾವದಿಂದಲೇ ನಡೆದಿರಬಹುದು. ಆದರೆ ಅವನ ಕೈಯಲ್ಲಿದ್ದ ಪ್ರಮಾಣವು ಇಬ್ಬರು ಸಂಬಂಧಿಗಳ ಮಾತು ಮಾತ್ರ; ಸಮುದ್ರದಾಚೆಯಿಂದ ಅದನ್ನು ಪರೀಕ್ಷಿಸುವ ಮಾರ್ಗವಿರಲಿಲ್ಲ.

ಇಂತಹ ಪ್ರಕರಣಗಳು ಎಲ್ಲೆಡೆಯೂ ಹೆಚ್ಚಿದ ಕಾಲದಲ್ಲಿಯೇ ಟ್ರೆಂಟ್ ಧರ್ಮಸಭೆಯು ೧೫೬೩ರ ನವೆಂಬರಿನಲ್ಲಿ ವಿವಾಹಸುಧಾರಣೆಯ ನಿರ್ಣಯವನ್ನು ಹೊರಡಿಸಿತು. ಮೂರು ಹಬ್ಬದ ದಿನಗಳಲ್ಲಿ ಪ್ರಕಟನೆ, ಸ್ವಂತ ಪಾದ್ರಿಯ ಮತ್ತು ಇಬ್ಬರು ಮೂವರು ಸಾಕ್ಷಿಗಳ ಸಮಕ್ಷಮ ವಿವಾಹ, ರಿಜಿಸ್ಟರಿನಲ್ಲಿ ನಮೂದು, ಇವು ಅದರ ಮುಖ್ಯಾಂಶಗಳು. ಅದರ ಏಳನೆಯ ಅಧ್ಯಾಯವು ನಮಗೆ ವಿಶೇಷವಾಗಿ ಸಂಬಂಧಿಸಿದುದು. ನೆಲೆಯಿಲ್ಲದೆ ಅಲೆಯುವವರು ಮೊದಲ ಹೆಂಡತಿಯನ್ನು ತೊರೆದು, ಆಕೆ ಬದುಕಿರುವಾಗಲೇ ಬೇರೆ ಬೇರೆ ಸ್ಥಳಗಳಲ್ಲಿ ಬೇರೆ ಬೇರೆ ಹೆಂಗಸರನ್ನು ವರಿಸುತ್ತಾರಾದುದರಿಂದ, ಪಾದ್ರಿಯು ಶ್ರದ್ಧೆಯಿಂದ ವಿಚಾರಿಸಿ ಮೇಲಧಿಕಾರಿಯ ಅಪ್ಪಣೆಯನ್ನು ಪಡೆದ ಹೊರತು ಅಂತಹವರ ವಿವಾಹಕ್ಕೆ ನಿಲ್ಲಕೂಡದೆಂದು ಅಲ್ಲಿ ವಿಧಿಸಲಾಗಿದೆ. ಪರಸ್ಥಳದವನ ವಿಷಯದಲ್ಲಿ ವಿಶೇಷವಾದ ಪ್ರಮಾಣವು ಬೇಕೆಂಬ ಭಾವನೆಯು ಇಲ್ಲಿ ಶಾಸನರೂಪವನ್ನು ತಾಳಿತು.

ಆ ಪ್ರಮಾಣವು ಹೇಗಿರಬೇಕೆಂಬುದನ್ನು ಹತ್ತನೆಯ ಕ್ಲೆಮೆಂಟ್ ಪೋಪನ ಕಾಲದಲ್ಲಿ, ೧೬೭೦ರಲ್ಲಿ ಹೊರಟ ಆದೇಶವೊಂದು ವಿವರಿಸಿತು. ಸಾಕ್ಷಿಯನ್ನು ಹಲವು ಪ್ರಶ್ನೆ ಕೇಳಬೇಕು: ನೀನು ಯಾರು, ಯಾರಾದರೂ ಹೇಳಿಕೊಟ್ಟು ಕರೆತಂದರೆ, ಹಣ ಕೊಟ್ಟರೆ, ಈ ವ್ಯಕ್ತಿಯನ್ನು ಎಷ್ಟು ಕಾಲದಿಂದ ಬಲ್ಲೆ, ಅವನು ಎಲ್ಲೆಲ್ಲಿ ವಾಸಮಾಡಿದನು. ಅವನಿಗೆ ಮದುವೆಯಾಗಿಲ್ಲವೆಂದು ಸಾಕ್ಷಿಯು ಹೇಳಿದರೆ ಅಷ್ಟಕ್ಕೇ ಬಿಡದೆ, ಅದು ನಿನಗೆ ತಿಳಿದ ಬಗೆ ಹೇಗೆ, ನಿನಗೆ ತಿಳಿಯದಂತೆ ಅವನು ಮದುವೆಯಾಗಿರುವುದು ಸಾಧ್ಯವೇ ಎಂದು ಮತ್ತೆ ಕೇಳಬೇಕು. ಮೀಮಾಂಸಕರು ಗಡಿಗೆಯನ್ನು ಕುರಿತು ಕೇಳಿದ ಪ್ರಶ್ನೆಯನ್ನೇ ರೋಮಿನ ನ್ಯಾಯಜ್ಞರು ಹೆಂಡತಿಯನ್ನು ಕುರಿತು ಕೇಳಿರುವುದನ್ನು ನೋಡಿ ಆಶ್ಚರ್ಯವಾಗುತ್ತದೆ. ಒಬ್ಬರನ್ನೊಬ್ಬರು ಅರಿಯದ ಎರಡು ಶಾಸ್ತ್ರಗಳು ಒಂದೇ ಕಷ್ಟದ ಮುಂದೆ ನಿಂತು ಒಂದೇ ಉಪಾಯವನ್ನು ಕಂಡುವು.

ಈ ನಿಯಮಗಳು ನಮ್ಮ ಪಶ್ಚಿಮಕರಾವಳಿಗೂ ಬಂದುವು. ಪೋರ್ತುಗೀಜರ ರಾಜಧಾನಿಯಾದ ಗೋವೆಯಲ್ಲಿ ೧೫೬೭ರಲ್ಲಿ ಮೊದಲ ಪ್ರಾಂತೀಯ ಧರ್ಮಸಭೆಯು ಸೇರಿ, ಟ್ರೆಂಟಿನ ನಿರ್ಣಯಗಳನ್ನು ಇಲ್ಲಿ ಆಚರಣೆಗೆ ತರಲು ತೊಡಗಿತು. ೧೫೬೦ರಲ್ಲಿಯೇ ಅಲ್ಲಿ ಸ್ಥಾಪಿತವಾಗಿದ್ದ ಇನ್‌ಕ್ವಿಸಿಷನ್ ನ್ಯಾಯಾಸ್ಥಾನದ ಅಧಿಕಾರಕ್ಕೆ ದ್ವಿವಿವಾಹದ ಅಪರಾಧವೂ ಒಳಪಟ್ಟಿತ್ತು.

೪

ಇಂಗ್ಲೆಂಡು ಬೇರೊಂದು ದಾರಿಯನ್ನು ಹಿಡಿಯಿತು. ದ್ವಿವಿವಾಹವನ್ನು ಮರಣದಂಡನೆಗೆ ಅರ್ಹವಾದ ಅಪರಾಧವೆಂದು ಸಾರಿದ ೧೬೦೩ರ ಶಾಸನದಲ್ಲಿಯೇ ಒಂದು ವಿನಾಯಿತಿಯಿತ್ತು. ಗಂಡನಾಗಲಿ ಹೆಂಡತಿಯಾಗಲಿ ಎಡೆಬಿಡದೆ ಏಳು ವರ್ಷ ಸಮುದ್ರದಾಚೆಗೆ ಇದ್ದರೆ, ಇನ್ನೊಬ್ಬರು ಮರುಮದುವೆಯಾದರೂ ಈ ಶಾಸನದ ದಂಡನೆಯಿಲ್ಲ. ಆಚೆಯವರು ಬದುಕಿರುವುದು ತಿಳಿದಿದ್ದರೂ ಇಲ್ಲ. ಮದುವೆಯ ಬಂಧನವು ಉಳಿದರೂ ರಾಜದಂಡವು ಸಮುದ್ರತೀರದಲ್ಲಿ ನಿಂತುಹೋಯಿತು.

ಇದನ್ನು ೧೮೬೦ರ ಭಾರತೀಯ ದಂಡಸಂಹಿತೆಯ ೪೯೪ನೆಯ ಕಲಮಿನೊಡನೆ ಹೋಲಿಸುವುದು ಉಚಿತ. ಅಲ್ಲಿಯೂ ಏಳು ವರ್ಷಗಳ ವಿನಾಯಿತಿಯುಂಟು. ಆದರೆ ಆ ಅವಧಿಯಲ್ಲಿ ಗೈರುಹಾಜರಾದವರು ಬದುಕಿರುವ ಸುದ್ದಿಯೇ ಬಂದಿರಕೂಡದು. ಅಲ್ಲದೆ ಮರುಮದುವೆಯಾಗುವವರು ತಮಗೆ ತಿಳಿದಿರುವಷ್ಟು ನಿಜಸಂಗತಿಯನ್ನು ಮದುವೆಗೆ ಮುಂಚೆಯೇ ಎದುರಿನ ವ್ಯಕ್ತಿಗೆ ತಿಳಿಸಿರತಕ್ಕದ್ದು. ಸಂದೇಹವು ಉಳಿಯುವುದು ಅನಿವಾರ್ಯವಾದರೆ, ಅದನ್ನು ಹೊರಬೇಕಾದವರಿಗೆ ಅದು ಗೊತ್ತಿರಬೇಕೆಂಬ ಧರ್ಮವು ಇಲ್ಲಿ ಸ್ಪಷ್ಟವಾಗಿದೆ. ೨೦೨೪ರ ಜುಲೈ ೧ರಿಂದ ಆ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯಸಂಹಿತೆಯು ಜಾರಿಗೆ ಬಂದಿದ್ದು, ಈ ವಿಧಿಯು ಅದರ ೮೨ನೆಯ ಕಲಮಿನಲ್ಲಿ ಮುಂದುವರಿದಿದೆ.

೫

ನೆರೆಯವರ ನೆನಪಿಗೆ ಬದಲಾಗಿ ರಿಜಿಸ್ಟರನ್ನು ನಂಬುವ ಪದ್ಧತಿಯು ೧೯ನೆಯ ಶತಮಾನದಲ್ಲಿ ಬಲಗೊಂಡಿತು. ಆದರೆ ರಿಜಿಸ್ಟರುಗಳಲ್ಲಿ ಎರಡು ಜಾತಿಗಳಿರುವುದನ್ನು ಗುರುತಿಸದಿದ್ದರೆ ಈ ಚರಿತ್ರೆಯು ಅರ್ಥವಾಗುವುದಿಲ್ಲ.

ಮೊದಲನೆಯ ಜಾತಿಯದು ಘಟನೆಯ ರಿಜಿಸ್ಟರು. ವಿವಾಹವು ಎಲ್ಲಿ ನಡೆಯಿತೋ ಅಲ್ಲಿಯ ಕಚೇರಿಯಲ್ಲಿ ಅದನ್ನು ಬರೆದಿಡುತ್ತಾರೆ. ಇಂಗ್ಲೆಂಡಿನಲ್ಲಿ ೧೮೩೭ರ ಜುಲೈಯಿಂದ ಆರಂಭವಾದ ಸರಕಾರದ ದಾಖಲೆಯು ಈ ಬಗೆಯದು. ನಡೆದ ಮದುವೆಯನ್ನು ರುಜುಪಡಿಸುವುದಕ್ಕೆ ಇದು ಬಹಳ ಒಳ್ಳೆಯದು. ನಡೆಯದುದನ್ನು ರುಜುಪಡಿಸುವುದಕ್ಕೆ ದುರ್ಬಲ. ಒಂದು ಕಚೇರಿಯ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಇನ್ನೊಂದು ಕಚೇರಿಯದರಲ್ಲಿ ಇರಬಹುದು, ಇನ್ನೊಂದು ದೇಶದಲ್ಲಿಯೂ ಇರಬಹುದು.

ಎರಡನೆಯ ಜಾತಿಯದು ವ್ಯಕ್ತಿಯ ರಿಜಿಸ್ಟರು. ವಿವಾಹವು ಎಲ್ಲಿಯೇ ನಡೆಯಲಿ, ಅದರ ಸುದ್ದಿಯು ಹಿಂದಿರುಗಿ ಬಂದು ಆ ವ್ಯಕ್ತಿಯ ಜನನದ ದಾಖಲೆಯಲ್ಲಿ ಸೇರುತ್ತದೆ. ಫ್ರಾನ್ಸಿನಲ್ಲಿ ೧೮೯೭ರ ಆಗಸ್ಟ್ ೧೭ರ ಶಾಸನವು, ಮದುವೆಯನ್ನು ವಧೂವರರ ಜನನಪತ್ರದ ಅಂಚಿನಲ್ಲಿ ಬರೆಯಬೇಕೆಂದು ವಿಧಿಸಿತು. ಆದುದರಿಂದಲೇ ಅಲ್ಲಿ ಮದುವೆಯಾಗುವವರು ಜನನಪತ್ರದ ಹೊಸ ನಕಲನ್ನು ತರಬೇಕೆಂದೂ, ಅದು ಮೂರು ತಿಂಗಳಿಗಿಂತ ಹಳೆಯದಾಗಿರಕೂಡದೆಂದೂ ನಿಯಮವು ರೂಢವಾಯಿತು. ಹುಟ್ಟಿದ ದಿನವು ಬದಲಾಗುವುದಿಲ್ಲವಷ್ಟೆ, ಹೊಸ ನಕಲೇಕೆಂದು ಕೇಳುವವರುಂಟು. ಅಧಿಕಾರಿಯು ನೋಡಬೇಕಾದದ್ದು ಹುಟ್ಟಿದ ದಿನವನ್ನಲ್ಲ, ಬರಿದಾಗಿರುವ ಅಂಚನ್ನು.

ರೋಮನ್ ಕ್ಯಾಥೊಲಿಕ್ ಧರ್ಮಸಭೆಯು ಹತ್ತು ವರ್ಷಗಳ ತರುವಾಯ ಇದೇ ಮಾರ್ಗವನ್ನು ಹಿಡಿಯಿತು. ೧೯೦೭ರಲ್ಲಿ ಹೊರಟು ೧೯೦೮ರ ಈಸ್ಟರ್ ಹಬ್ಬದಿಂದ ಜಾರಿಗೆ ಬಂದ 'ನೇ ತೆಮೆರೆ' ಎಂಬ ನಿರ್ಣಯದ ಪ್ರಕಾರ, ಪಾದ್ರಿಯು ವಿವಾಹವನ್ನು ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿಯೂ ನಮೂದಿಸಬೇಕು. ದೀಕ್ಷಾಸ್ನಾನವು ಬೇರೆ ಊರಿನಲ್ಲಿ ಆಗಿದ್ದರೆ ಅಲ್ಲಿಯ ಪಾದ್ರಿಗೆ ತಿಳಿಸಬೇಕು. ಮಂಗಳೂರಿನ ಕಡೆಯ ಕ್ಯಾಥೊಲಿಕನೊಬ್ಬನು ಮಸ್ಕತ್ತಿನ ಚರ್ಚಿನಲ್ಲಿ ವಿವಾಹವಾದರೂ, ಅವನ ಊರಿನ ಇಗರ್ಜಿಯ ಹಳೆಯ ಪುಸ್ತಕದಲ್ಲಿ, ಶಿಶುವಾಗಿದ್ದಾಗ ಬರೆದ ಹೆಸರಿನ ಎದುರಿಗೆ, ಆ ಮದುವೆಯು ಬಂದು ಸೇರತಕ್ಕದ್ದು. ಪೂರ್ವದೇಶಗಳಲ್ಲಿ ಜಪಾನು ೧೮೭೨ರಲ್ಲಿ ದೇಶವ್ಯಾಪಿಯಾಗಿ ಸಿದ್ಧಪಡಿಸಿದ ಕುಟುಂಬದಾಖಲೆಯೂ ಇದೇ ಜಾತಿಗೆ ಸೇರಿದುದು. ಅದರಲ್ಲಿ ಒಂದು ಮನೆತನದ ಜನನ, ವಿವಾಹ, ಮರಣಗಳು ಒಂದೆಡೆ ಕೂಡಿರುತ್ತವೆ.

ವ್ಯಕ್ತಿಯ ರಿಜಿಸ್ಟರು ಇರುವ ದೇಶದಲ್ಲಿ ಬರಿದಾದ ಅಂಚು ನಿಜವಾಗಿಯೂ ಏನನ್ನೋ ಹೇಳುತ್ತದೆ. ಮದುವೆಯಿದ್ದಿದ್ದರೆ ಅದು ಅಲ್ಲಿ ಕಾಣಬೇಕಾಗಿತ್ತು. ಘಟನೆಯ ರಿಜಿಸ್ಟರು ಮಾತ್ರವೇ ಇರುವ ದೇಶದಲ್ಲಿ, ಎಷ್ಟು ಪ್ರಾಮಾಣಿಕನಾದ ಅಧಿಕಾರಿಯೂ ಅಂತಹ ಮಾತನ್ನು ಹೇಳಲಾರನು. ಒಂದೇ ಹೆಸರಿನ ಎರಡು ಪತ್ರಗಳು ಒಂದೇ ತೂಕದವಲ್ಲವೆಂಬುದಕ್ಕೆ ಇದೇ ಕಾರಣ.

೬

ರಾಜ್ಯಗಳು ಪರಸ್ಪರ ಪತ್ರಗಳನ್ನು ಒಪ್ಪಿಕೊಳ್ಳುವ ಏರ್ಪಾಡು ೨೦ನೆಯ ಶತಮಾನದ ಆರಂಭದಲ್ಲಿ ಮೊದಲಾಯಿತು. ೧೯೦೨ರ ಜೂನ್ ೧೨ರಂದು ಹೇಗ್ ನಗರದಲ್ಲಿ ಆದ ವಿವಾಹಸಂಬಂಧವಾದ ಒಡಂಬಡಿಕೆಯ ನಾಲ್ಕನೆಯ ವಿಧಿಯಂತೆ, ವಿದೇಶೀಯರು ತಮ್ಮ ಸ್ವದೇಶದ ಕಾನೂನಿನ ಷರತ್ತುಗಳನ್ನು ಪೂರೈಸಿರುವರೆಂದು ಸ್ಥಾಪಿಸಬೇಕು. ತಮ್ಮ ರಾಜ್ಯದ ರಾಯಭಾರಿಯ ಅಥವಾ ಕಾನ್ಸಲನ ಪತ್ರವು ಇದಕ್ಕೆ ಸಾಕ್ಷ್ಯವಾಗಬಹುದು. ೧೯೦೬ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವಿದೇಶೀಯರನ್ನು ವರಿಸುವ ತನ್ನ ಪ್ರಜೆಗಳಿಗಾಗಿ ಒಂದು ಶಾಸನವನ್ನು ಮಾಡಿತು. ಅದರಂತೆ ಅಧಿಕಾರಿಯು ಕೊಡುವ ಪತ್ರದ ಮಾತು ಬಹಳ ಎಚ್ಚರಿಕೆಯದು. ಅಡ್ಡಿಯಿಲ್ಲವೆಂದು ಅದು ಹೇಳುವುದಿಲ್ಲ; ಯುಕ್ತವಾದ ನೋಟೀಸನ್ನು ಕೊಟ್ಟ ಮೇಲೆ ಯಾವ ಅಡ್ಡಿಯನ್ನೂ ಯಾರೂ ತೋರಿಸಲಿಲ್ಲವೆಂದು ಹೇಳುತ್ತದೆ. ೧೨೧೫ರ ಮೌನವೇ ಇಲ್ಲಿ ಸರಕಾರಿ ಮುದ್ರೆಯನ್ನು ಧರಿಸಿ ಬಂದಿದೆ.

೧೯೮೦ರ ಸೆಪ್ಟೆಂಬರ್ ೫ರಂದು ಮ್ಯೂನಿಕ್ಕಿನಲ್ಲಿ ಆದ ಇನ್ನೊಂದು ಒಡಂಬಡಿಕೆಯು ವಿವಾಹಯೋಗ್ಯತೆಯ ಪತ್ರಕ್ಕೆ ಏಕರೂಪವಾದ ನಮೂನೆಯನ್ನು ಗೊತ್ತುಮಾಡಿ, ಅದರ ಆಯುಸ್ಸನ್ನು ಆರು ತಿಂಗಳಿಗೆ ನಿಯಮಿಸಿತು. ಅಭಾವವು ದಿನದಿನವೂ ಹಳೆಯದಾಗುವ ವಸ್ತು. ಪತ್ರವನ್ನು ಪಡೆದ ಮರುದಿನವೇ ಮನುಷ್ಯನು ಮದುವೆಯಾಗಬಹುದು. ೨೦೧೯ರ ಫೆಬ್ರವರಿ ೧೬ರಿಂದ ಐರೋಪ್ಯ ಒಕ್ಕೂಟದ ರಾಜ್ಯಗಳು ಈ ಬಗೆಯ ಪತ್ರಗಳನ್ನು ತಮ್ಮೊಳಗೆ ಹೆಚ್ಚಿನ ದೃಢೀಕರಣವಿಲ್ಲದೆ ಒಪ್ಪಿಕೊಳ್ಳುತ್ತಿವೆ.

ಇತರ ರಾಜ್ಯಗಳ ನಡುವೆ ೧೯೬೧ರ ಹೇಗ್ ಒಡಂಬಡಿಕೆಯಿಂದ ಹುಟ್ಟಿದ ಅಪಾಸ್ತಿಲ್ ಎಂಬ ಮುದ್ರೆಯು ಬಳಕೆಯಲ್ಲಿದೆ. ಭಾರತದಲ್ಲಿ ಇದು ೨೦೦೫ರ ಜುಲೈ ೧೪ರಿಂದ ಜಾರಿಗೆ ಬಂದಿತು. ಈ ಮುದ್ರೆಯ ವಿಷಯದಲ್ಲಿ ಜನರಲ್ಲಿ ಭ್ರಾಂತಿಯು ಬಹಳ. ಪತ್ರದ ಮೇಲಿನ ಸಹಿಯು ನಿಜವಾದುದು, ಸಹಿಮಾಡಿದವನು ಆ ಅಧಿಕಾರದಲ್ಲಿದ್ದವನು, ಮೊಹರು ಸಾಚಾ, ಇಷ್ಟನ್ನೇ ಅದು ಸಾರುತ್ತದೆ. ಪತ್ರದೊಳಗಿನ ಮಾತು ಸತ್ಯವೆಂದು ಅದು ಹೇಳುವುದಿಲ್ಲ. ಸುಳ್ಳುಪ್ರತಿಜ್ಞೆಗೂ ಸಾಚಾ ಮೊಹರು ಬೀಳಬಹುದು.

೭

ಇನ್ನು ನಮ್ಮ ದೇಶದ ವಿಷಯ. ಅವಿವಾಹಿತತ್ವದ ಪತ್ರವೆಂಬ ಕಲ್ಪನೆಯು ನಮ್ಮಲ್ಲಿ ಬೇರೂರದಿರುವುದಕ್ಕೆ ಎರಡು ಕಾರಣಗಳುಂಟು.

ಹಿಂದೂ ವಿವಾಹಕ್ಕೆ ಅಗ್ನಿಯೂ ನೆರೆದ ಬಂಧುಗಳೂ ಸಾಕ್ಷಿ. ಬರಹವು ಅದರ ಅಂಗವಲ್ಲ. ಇದು ಮೊದಲನೆಯ ಕಾರಣ. ಸ್ತ್ರೀಯ ಸ್ಥಿತಿಯನ್ನು ತಾಳಿ ಕಾಲುಂಗುರಗಳು ಎಲ್ಲರಿಗೂ ತೋರಿಸುತ್ತಿದ್ದುವು. ಪುರುಷನಿಗೆ ಅಂತಹ ಚಿಹ್ನೆಯಿಲ್ಲ; ಕೆಲವು ಜಾತಿಗಳಲ್ಲಿ ಗೃಹಸ್ಥನು ಧರಿಸುವ ಎರಡನೆಯ ಯಜ್ಞೋಪವೀತವು ಅಂಗಿಯ ಕೆಳಗೆ ಮರೆಯಾಗುವಂತಹದು. ಸಮುದ್ರವನ್ನು ದಾಟಿದವನು ತನ್ನ ಮದುವೆಯನ್ನು ಸುಲಭವಾಗಿ ದಡದಲ್ಲಿ ಬಿಟ್ಟುಹೋಗಬಹುದಾಗಿತ್ತು.

ಪುರುಷನಿಗೆ ಮೊದಲ ವಿವಾಹವು ಎರಡನೆಯದಕ್ಕೆ ಅಡ್ಡಿಯೇ ಆಗಿರಲಿಲ್ಲವೆಂಬುದು ಎರಡನೆಯ ಕಾರಣ. ಧರ್ಮಶಾಸ್ತ್ರಕಾರರು ಅಧಿವೇದನವೆಂಬ ಹೆಸರಿನಿಂದ ಎರಡನೆಯ ಹೆಂಡತಿಯನ್ನು ತರುವ ನಿಮಿತ್ತಗಳನ್ನು ಚರ್ಚಿಸಿದ್ದರೂ, ಬ್ರಿಟಿಷರ ಕಾಲದ ನ್ಯಾಯಾಲಯಗಳು ಅದಕ್ಕೆ ನಿಷೇಧವನ್ನು ಕಾಣಲಿಲ್ಲ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾಂವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ೧೯೪೬ರ ಶಾಸನದಿಂದಲೂ, ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳಲ್ಲಿ ೧೯೪೯ರ ಶಾಸನದಿಂದಲೂ ಹಿಂದೂಗಳ ದ್ವಿವಿವಾಹವು ನಿಷಿದ್ಧವಾಯಿತು. ೧೯೫೫ರ ಹಿಂದೂ ವಿವಾಹಶಾಸನವು ಈ ನಿಷೇಧವನ್ನು ದೇಶದ ಉದ್ದಗಲಕ್ಕೂ ವ್ಯಾಪಿಸಿತು. ಅದಕ್ಕೆ ಮುಂಚೆ, ತಾನು ಅವಿವಾಹಿತನೆಂದು ವರನಿಂದ ಬರಹದಲ್ಲಿ ಹೇಳಿಸುತ್ತಿದ್ದ ಭಾರತೀಯ ಶಾಸನಗಳಲ್ಲಿ ಮುಖ್ಯವಾದುದು ೧೮೭೨ರ ವಿಶೇಷ ವಿವಾಹಶಾಸನ. ಆ ಪ್ರತಿಜ್ಞೆಯ ಮೊದಲ ಅಂಶವೇ ತಾನು ಪ್ರಸ್ತುತ ಅವಿವಾಹಿತನೆಂಬುದಾಗಿತ್ತು.

ಬರಹವಿಲ್ಲದ, ಬಹುಪತ್ನೀತ್ವಕ್ಕೆ ಎಡೆಯಿದ್ದ ಈ ವಿವಾಹಪದ್ಧತಿಯು ಪರದೇಶಕ್ಕೆ ಹೋದಾಗ ಎರಡು ವಿಧವಾದ ಅನರ್ಥಗಳು ಸಂಭವಿಸಿದುವು.

ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದಲ್ಲಿ ೧೯೧೩ರ ಮಾರ್ಚ್ ೧೪ರಂದು ನ್ಯಾಯಾಧೀಶ ಸರ್ಲ್ ಎಂಬುವರು ಕೊಟ್ಟ ತೀರ್ಪು ಮೊದಲನೆಯದಕ್ಕೆ ನಿದರ್ಶನ. ಬಹುಪತ್ನೀತ್ವವನ್ನು ಅಂಗೀಕರಿಸುವ ಧರ್ಮದ ವಿಧಿಯಿ೦ದಾದ ವಿವಾಹವು ಅಲ್ಲಿಯ ಕಾನೂನಿಗೆ ಸಮ್ಮತವಲ್ಲವೆಂದೂ, ಆದಕಾರಣ ಗಂಡನನ್ನು ಸೇರಲು ಬಂದ ಮುಸಲ್ಮಾನ ಸ್ತ್ರೀಯು ಹೆಂಡತಿಯೆಂಬ ಹಕ್ಕಿನಿಂದ ಪ್ರವೇಶಿಸಲಾರಳೆಂದೂ ಅವರು ನಿರ್ಣಯಿಸಿದರು. ಇದರಿಂದ ಅಲ್ಲಿಯ ಭಾರತೀಯರಲ್ಲಿ ಹೆಚ್ಚಿನವರ ಗೃಹಿಣಿಯರು ಒಂದೇ ದಿನದಲ್ಲಿ ಕಾನೂನಿನ ಕಣ್ಣಿಗೆ ಅವಿವಾಹಿತೆಯರಾದರು. ಗಾಂಧಿಯವರ ಸತ್ಯಾಗ್ರಹದಲ್ಲಿ ಸ್ತ್ರೀಯರು ಗುಂಪುಗೂಡಿ ಸೆರೆಮನೆಗೆ ಹೋದುದಕ್ಕೆ ಈ ಅವಮಾನವು ಒಂದು ಮುಖ್ಯ ಕಾರಣ. ಆ ವರ್ಷ ಸೆಪ್ಟೆಂಬರಿನಲ್ಲಿ ಕಸ್ತೂರಬಾ ಅವರೂ ಬಂಧಿತರಾದರು. ೧೯೧೪ರ ಪರಿಹಾರಶಾಸನವು ಒಬ್ಬಳೇ ಹೆಂಡತಿಯಿರುವವರ ವಿವಾಹವನ್ನು ಮಾನ್ಯಮಾಡಿತು. ಇಲ್ಲಿ ಯಾವ ಸ್ತ್ರೀಯೂ ಅವಿವಾಹಿತತ್ವದ ಪತ್ರವನ್ನು ಕೇಳಿರಲಿಲ್ಲ. ಕೇಳದೆಯೇ ಅದು ಅವರಿಗೆ ದೊರೆಯಿತು.

ಎರಡನೆಯದು ಇದಕ್ಕೆ ವಿಪರೀತವಾದುದು. ಭಾರತದಲ್ಲಿ ೧೯೨೮ರಲ್ಲಿ ಹಿಂದೂವಿಧಿಯಿಂದ ವಿವಾಹವಾಗಿದ್ದ ಒಬ್ಬ ಗೃಹಸ್ಥನು ೧೯೩೯ರಲ್ಲಿ ಲಂಡನಿನ ಹೋಬರ್ನ್ ರಿಜಿಸ್ಟ್ರಾರರ ಕಚೇರಿಯಲ್ಲಿ ಇಂಗ್ಲಿಷ್ ಸ್ತ್ರೀಯೊಬ್ಬಳನ್ನು ವರಿಸಿದನು. ಕೆಲವು ವರ್ಷಗಳ ಮೇಲೆ ಸಂಗತಿಯು ಆಕೆಗೆ ತಿಳಿದು, ಆಕೆ ನ್ಯಾಯಾಲಯಕ್ಕೆ ಹೋದಳು. ೧೯೪೬ರಲ್ಲಿ ಲಾರ್ಡ್ ಗ್ರೀನ್ ಅವರು ಅಧ್ಯಕ್ಷರಾಗಿದ್ದ ಮೇಲ್ಮನವಿಯ ನ್ಯಾಯಾಲಯವು, ಹಿಂದೂವಿವಾಹವು ಆ ಪುರುಷನನ್ನು ವಿವಾಹಿತನನ್ನಾಗಿ ಮಾಡಿತ್ತಾದುದರಿಂದ ಲಂಡನಿನ ವಿವಾಹವು ಶೂನ್ಯವೆಂದು ತೀರ್ಮಾನಿಸಿತು. ಅಗ್ನಿಸಾಕ್ಷಿಯಾದ ಮದುವೆಗೆ ಇಂಗ್ಲೆಂಡಿನಲ್ಲಿ ಮರ್ಯಾದೆಯು ಸಂದಿತೆಂಬುದು ನಿಜ. ಅದರ ಬೆಲೆಯನ್ನು ತೆತ್ತವಳು ಮಾತ್ರ ಏನನ್ನೂ ಅರಿಯದ ಒಬ್ಬ ಸ್ತ್ರೀ. ಹೋಬರ್ನ್ ಕಚೇರಿಯ ಪುಸ್ತಕವನ್ನು ಎಷ್ಟು ತಿರುವಿದರೂ ೧೯೨೮ರ ಹೋಮಾಗ್ನಿಯು ಅದರಲ್ಲಿ ಕಾಣುವಂತಿರಲಿಲ್ಲ.

ಸ್ವತಂತ್ರಭಾರತವು ೧೯೬೯ರಲ್ಲಿ ವಿದೇಶೀ ವಿವಾಹಶಾಸನವನ್ನು ರಚಿಸಿ, ೧೯೦೩ರ ಹಳೆಯ ಶಾಸನವನ್ನು ರದ್ದುಗೊಳಿಸಿತು. ವಧೂವರರಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿದ್ದರೆ, ಪರದೇಶದಲ್ಲಿ ನಮ್ಮ ರಾಯಭಾರದ ವಿವಾಹಾಧಿಕಾರಿಯ ಮುಂದೆ ಅವರು ವಿವಾಹವಾಗಬಹುದು; ಇಬ್ಬರಿಗೂ ಜೀವಿಸಿರುವ ಪತಿ ಅಥವಾ ಪತ್ನಿ ಇರಕೂಡದು. ಇದರ ಏಳನೆಯ ಕಲಮು ಪ್ರಶಂಸನೀಯವಾದುದು. ವಿವಾಹದ ನೋಟೀಸನ್ನು ಅಧಿಕಾರಿಯ ಕಚೇರಿಯಲ್ಲಿ ತೂಗಹಾಕುವುದಲ್ಲದೆ, ಭಾರತದಲ್ಲಿಯೂ ಪಕ್ಷಗಾರರು ವಾಸಮಾಡುವ ದೇಶದಲ್ಲಿಯೂ ಪ್ರಕಟಿಸಬೇಕೆಂದು ಅದು ವಿಧಿಸುತ್ತದೆ. ಬಿಟ್ಟುಬಂದ ಊರಿನವರಿಗೆ ಮಾತನಾಡಲು ಅವಕಾಶ ಕೊಟ್ಟ ಮೇಲೆ ಬರುವ ಮೌನಕ್ಕೆ ಬೆಲೆಯುಂಟು.

ಆದರೆ ಪರದೇಶದ ಕಾನೂನಿನಂತೆ ಅಲ್ಲಿಯ ಅಧಿಕಾರಿಯ ಮುಂದೆಯೇ ವಿವಾಹವಾಗುವವರು ಒಯ್ಯುವ ಪತ್ರದ ಮೂಲವನ್ನು ನೋಡಿದರೆ, ಸಾಮಾನ್ಯವಾಗಿ ಅಲ್ಲಿರುವುದು ನೋಟರಿಯ ಮುಂದೆ ಮಾಡಿದ ಅಫಿಡವಿಟ್ಟು, ಎಂದರೆ ಆ ವ್ಯಕ್ತಿಯ ಸ್ವಂತ ಪ್ರತಿಜ್ಞೆ. ಅದಕ್ಕೆ ಮೇಲಿಂದಮೇಲೆ ಮೊಹರುಗಳು ಸೇರುತ್ತವೆ. ಭಾರತದಲ್ಲಿರುವುದು ಘಟನೆಯ ರಿಜಿಸ್ಟರು, ಅದೂ ಪೂರ್ಣವಲ್ಲ. ಎಲ್ಲ ಧರ್ಮದವರ ವಿವಾಹಗಳನ್ನೂ ಕಡ್ಡಾಯವಾಗಿ ನೋಂದಾಯಿಸಬೇಕೆಂದು ಸರ್ವೋಚ್ಚನ್ಯಾಯಾಲಯವು ರಾಜ್ಯಗಳಿಗೆ ನಿರ್ದೇಶಿಸಿದುದು ೨೦೦೬ರ ಫೆಬ್ರವರಿಯಲ್ಲಿ. ಅದಕ್ಕೆ ಹಿಂದಿನ ಅಸಂಖ್ಯಾತ ವಿವಾಹಗಳು ಛಾಯಾಚಿತ್ರಗಳಲ್ಲಿಯೂ ಲಗ್ನಪತ್ರಿಕೆಗಳಲ್ಲಿಯೂ ಬಂಧುಗಳ ನೆನಪಿನಲ್ಲಿಯೂ ಮಾತ್ರ ಇವೆ.

೮

ಇದುವರೆಗೆ ನಿರೂಪಿಸಿದ ಸಂಗತಿಗಳಿಂದ ಒಂದು ವಿಷಯವು ಸ್ಪಷ್ಟವಾಗುತ್ತದೆ. ಈ ಪತ್ರವನ್ನು ಬಲಪಡಿಸಬೇಕೆಂದು ರಾಜ್ಯಗಳು ಯೋಚಿಸಿದಾಗಲೆಲ್ಲ ಮೊಹರುಗಳನ್ನು ಹೆಚ್ಚಿಸುವುದು ಸುಲಭವಾದ ದಾರಿಯಾಗಿ ತೋರಿದೆ. ಮೊಹರು ಹೆಚ್ಚಿದಷ್ಟೂ ಖರ್ಚು ಹೆಚ್ಚುತ್ತದೆ, ಪ್ರಾಮಾಣ್ಯವು ಹೆಚ್ಚುವುದಿಲ್ಲ. ಪ್ರಾಮಾಣ್ಯವನ್ನು ಹೆಚ್ಚಿಸಿದ ಕ್ರಮಗಳೆಲ್ಲವೂ, ೧೬೭೦ರ ಎರಡನೆಯ ಪ್ರಶ್ನೆಯಾಗಲಿ, ೧೮೯೭ರ ಅಂಚಿನ ಬರಹವಾಗಲಿ, ೧೯೬೯ರ ನೋಟೀಸಾಗಲಿ, ಹುಡುಕುವ ಸ್ಥಳವನ್ನು ಬೆಳಗಿಸಿದಂತಹವು.

ಇದರ ಜೊತೆಗೆ ಇನ್ನೊಂದನ್ನೂ ಮರೆಯಲಾಗದು. ಯಾವ ರಾಜ್ಯದಿಂದಲೂ ಪತ್ರವನ್ನು ಪಡೆಯಲಾರದವರು ಲೋಕದಲ್ಲಿ ಬಹುಮಂದಿ ಇದ್ದಾರೆ. ಪ್ರಾಣಭಯದಿಂದ ದೇಶವನ್ನು ಬಿಟ್ಟವನು ಅದೇ ದೇಶದ ಕಾನ್ಸಲನ ಬಾಗಿಲಿಗೆ ಹೋಗಿ ತಾನು ಅವಿವಾಹಿತನೆಂದು ಬರೆಯಿಸಿಕೊಳ್ಳುವುದು ಹೇಗೆ? ನಿರಾಶ್ರಿತರನ್ನು ಕುರಿತ ೧೯೫೧ರ ಒಡಂಬಡಿಕೆಯ ೨೫ನೆಯ ವಿಧಿಯು, ಅಂತಹವರಿಗೆ ಸ್ವದೇಶದಿಂದ ದೊರೆಯಬೇಕಾಗಿದ್ದ ಪತ್ರಗಳನ್ನು ಆಶ್ರಯಕೊಟ್ಟ ರಾಜ್ಯವೇ ಒದಗಿಸಬೇಕೆಂದು ಹೇಳುತ್ತದೆ. ಫಿಲಿಪ್ಪೀನ್ಸಿನ ೧೯೮೭ರ ಕುಟುಂಬಸಂಹಿತೆಯು ವಿದೇಶೀಯರಿಂದ ಕಾನ್ಸಲನ ಪತ್ರವನ್ನು ಕೇಳಿದರೂ, ನಿರಾಶ್ರಿತರಿಂದಲೂ ರಾಜ್ಯವಿಲ್ಲದವರಿಂದಲೂ ಪ್ರತಿಜ್ಞಾಪತ್ರವನ್ನೇ ಸ್ವೀಕರಿಸುತ್ತದೆ. ಜರ್ಮನಿಯಲ್ಲಿ ಸ್ವದೇಶದ ಪತ್ರವನ್ನು ತರಲಾರದವರಿಗೆ ಪ್ರಾಂತದ ಉಚ್ಚನ್ಯಾಯಾಲಯದ ಅಧ್ಯಕ್ಷರು ವಿನಾಯಿತಿಯನ್ನು ಕೊಡಬಹುದು. ಮೋಸಗಾರನನ್ನು ತಡೆಯಲು ಕಟ್ಟಿದ ಬೇಲಿಯು ನಿರಪರಾಧಿಯನ್ನು ಹೊರಗಿಡಬಾರದೆಂಬ ವಿವೇಕವು ಇವುಗಳಲ್ಲಿದೆ.

ನಮ್ಮಲ್ಲಿ ವ್ಯಕ್ತಿಯ ರಿಜಿಸ್ಟರು ಏರ್ಪಡುವವರೆಗೆ, ಪತ್ರವು ತನ್ನ ಮಿತಿಯನ್ನು ತಾನೇ ಹೇಳಿಕೊಳ್ಳುವುದು ಲೇಸು. ಯಾವ ಕಚೇರಿಯ ಯಾವ ವರ್ಷಗಳ ಪುಸ್ತಕಗಳನ್ನು ನೋಡಲಾಯಿತು, ಯಾವ ಊರಿನಲ್ಲಿ ಪ್ರಕಟನೆ ನಡೆಯಿತು, ಯಾರನ್ನು ವಿಚಾರಿಸಲಾಯಿತು, ಯಾವ ಮಾತು ಕೇವಲ ಪ್ರತಿಜ್ಞೆಯ ಆಧಾರದ್ದು, ಇಷ್ಟು ವಿವರಗಳು ಅದರಲ್ಲಿ ಬಂದರೆ, ಪರದೇಶದ ಅಧಿಕಾರಿಯೂ ಆ ಮನುಷ್ಯನ ಕೈಹಿಡಿಯಲಿರುವವರೂ ಅದನ್ನು ತಾವೇ ತೂಗಿನೋಡಬಹುದು. ಅವನು ಬಿಟ್ಟುಬಂದ ಊರಿನಲ್ಲಿ ಒಬ್ಬಳು ಕಾಯುತ್ತಿದ್ದರೆ, ಆಕೆಯ ಮಾತು ಕೇಳಿಬರಬಹುದಾದ ಒಂದು ಬಾಗಿಲೂ ಆಗ ತೆರೆದಿರುತ್ತದೆ.